ತಲಿ ನೋಡು, ಬಾಯಿ ನೋಡು

ಶ್ರಾವಣ ಸೋಮವಾರದ ನಸುಕು. ತಿಕೋಂಡಿಯ ಮನೆಯಲ್ಲಿ ಆಯಿ ನನ್ನ ಕೈಗೆ ಸಣ್ಣ ಬುಟ್ಟಿ ಕೊಟ್ಟು, "ಬದುವಿನ ಮ್ಯಾಲ ತುಂಬಿ ಹೂ ಅದಾವ, ಒಂದ ಬೊಗಸಿ ಹರಕೊಂಡ ಬಾ ತಮ್ಮಾ" ಅಂದಳು. ತುಂಬೆ ಹೂ ಬಿಡಿಸುವುದು ಹುಡುಗರಿಗೆ ಬೇಸರದ ಕೆಲಸ. ಒಂದೊಂದು ಹೂವೂ ಕಿರುಬೆರಳಿನ ಉಗುರಿನಷ್ಟು. ಬೊಗಸೆ ತುಂಬಬೇಕಾದರೆ ನೂರಾರು ಹೂ ಎಳೆಯಬೇಕು, ಅಷ್ಟರಲ್ಲಿ ಬಿಸಿಲೇರುತ್ತದೆ. ನಾನು ಬದು ಬಿಟ್ಟು ಮಡ್ಡಿ ಏರಿದೆ. ಅಲ್ಲಿ ಕಾಂಡದ ತುದಿಗೆ ನಿಂಬೆಹಣ್ಣಿನ ಗಾತ್ರದ ಉಂಡೆ ಹೊತ್ತು ನಿಂತ ತುಂಬೆ ಸಿಕ್ಕಿತು. ಉಂಡೆಯ ಸುತ್ತ ಅದೇ ಬಿಳಿ ಹೂ. ಹತ್ತಾರು ತಲೆ ಚಿವುಟಿದ್ದೇ ಬುಟ್ಟಿ ತುಂಬಿತು.

ಆಯಿ ಒಂದು ಉಂಡೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಇದೂ ತುಂಬಿನ, ಖರೆ. ನಾ ಹೇಳಿದ್ದು ಇದಲ್ಲ. ಇದರ ತಲಿ ನೋಡು." ಹಿತ್ತಲಿನ ಬದಿಯಿಂದ ಇನ್ನೊಂದು ಟೊಂಗೆ ಮುರಿದು ತಂದು ಪಕ್ಕದಲ್ಲಿಟ್ಟು ತೋರಿಸಿದಳು. ಆಮೇಲೆ ಎರಡನ್ನೂ ಶಿವನಿಗೆ ಏರಿಸಿದಳು.

ಎಷ್ಟೋ ವರ್ಷಗಳ ಮೇಲೆ ಆ ಉಂಡೆ ತಲೆಯ ತುಂಬೆಯ ಶಾಸ್ತ್ರೀಯ ಹೆಸರು ನನಗೆ ಸಿಕ್ಕಿತು: ಲ್ಯೂಕಾಸ್ ಸೆಫಲೋಟಿಸ್. ಗ್ರೀಕ್ ಭಾಷೆಯಲ್ಲಿ ಕೆಫಲೆ ಅಂದರೆ ತಲೆ. ಹೆಸರಿಟ್ಟವರ ಕಣ್ಣೂ ಆಯಿಯ ಕಣ್ಣೂ ಒಂದೇ ಜಾಗದ ಮೇಲೆ ನಿಂತಿದ್ದವು. ಹತ್ತಿರದ ಸಂಬಂಧಿಗಳಾದ ಕಾಡುಹೂಗಳನ್ನು ಬೇರೆ ಬೇರೆಯಾಗಿ ಗುರುತಿಸುವುದೆಂದರೆ, ಕಣ್ಣನ್ನು ಎಲ್ಲಿ ನಿಲ್ಲಿಸಬೇಕು ಎಂದು ಕಲಿಯುವುದು. ಎಸಳಿನ ಬಣ್ಣದ ಮೇಲೆ ನಿಂತ ಕಣ್ಣು ಬಹಳ ಸಲ ಮೋಸಹೋಗುತ್ತದೆ. ಎಸಳಿನ ಕೆಳಗೆ, ಹೂವಿನ ಒಳಗೆ ಇಳಿದ ಕಣ್ಣು ಅಷ್ಟು ಸುಲಭಕ್ಕೆ ಮೋಸಹೋಗುವುದಿಲ್ಲ.

ತಿಕೋಂಡಿ ಇರುವ ಜತ್ತ ತಾಲ್ಲೂಕಿನ ಪೂರ್ವ ಭಾಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ್ದರೂ ಮನೆಮಾತು ಕನ್ನಡ. ಆಚೆಗೆ ವಿಜಯಪುರ ಜಿಲ್ಲೆ. ಸಹ್ಯಾದ್ರಿಯನ್ನು ದಾಟಿ ಬರುವ ಮೋಡ ಇಲ್ಲಿಗೆ ಮುಟ್ಟುವ ಹೊತ್ತಿಗೆ ಬರಿದಾಗಿರುತ್ತದೆ. ಮಿರಗದ ಮಳೆ ಕೈಕೊಟ್ಟರೂ ಉತ್ತರಿ, ಹಸ್ತ ಸುರಿದರೆ ಹಿಂಗಾರಿ ಜೋಳಕ್ಕೆ ಜೀವ ಬರುತ್ತದೆ. ತಗ್ಗಿನಲ್ಲಿ ಎರಿ ಮಣ್ಣು, ಏರಿನಲ್ಲಿ ಕಲ್ಲು ಮಡ್ಡಿ. ಪಶ್ಚಿಮಕ್ಕೆ ಹೋದರೆ ಕಾಸ್ ಪ್ರಸ್ಥಭೂಮಿಯ ಹೂಹಾಸು ನೋಡಲು ಜನ ಬಸ್ಸು ಮಾಡಿಕೊಂಡು ಬರುತ್ತಾರೆ. ಇಲ್ಲಿ ಹೂ ನೋಡಲು ಯಾರೂ ಬರುವುದಿಲ್ಲ. ಬಂದವರು ಬದುವಿನ ಮೇಲೆ ಮಂಡಿಯೂರಬೇಕು.

ತುಂಬೆಯಿಂದಲೇ ಹೊರಡೋಣ. ಅದು ತುಳಸಿಯ ಕುಟುಂಬಕ್ಕೆ ಸೇರಿದ ಗಿಡ. ಕಾಂಡ ಹಿಡಿದು ಬೆರಳ ನಡುವೆ ತಿರುವಿದರೆ ನಾಲ್ಕು ಮೂಲೆ ತಟ್ಟುತ್ತವೆ, ಎಲೆಗಳು ಎದುರುಬದುರು ಜೋಡಿ. ಲ್ಯೂಕಾಸ್ ಎಂಬ ಕುಲವನ್ನು ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಸ್ಥಾಪಿಸಿದ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಡ್ಡಾದಿಡ್ಡಿ ಓಡಾಟವನ್ನು 1827ರಲ್ಲಿ ಗಮನಿಸಿದವನೂ ಇವನೇ. ಶಾಲೆಯಲ್ಲಿ ಓದಿದ ಬ್ರೌನಿಯನ್ ಚಲನೆ ಅವನ ಹೆಸರಿನದು. ಲ್ಯೂಕಾಸ್ ಅಂದರೆ ಬಿಳಿ. ಭಾರತದಲ್ಲಿ ಈ ಕುಲದ ಸುಮಾರು 40 ಪ್ರಭೇದಗಳಿವೆ, ಹೆಚ್ಚುಕಡಿಮೆ ಎಲ್ಲವೂ ಬಿಳಿ ಹೂವಿನವು. ಬಣ್ಣ ನೋಡಿ ಇವನ್ನು ಬೇರ್ಪಡಿಸುವುದು ಆಗದ ಮಾತು.

ಹೂವನ್ನೇ ನೋಡಿದರೂ ಅಷ್ಟೇ. ಮೇಲಿನ ತುಟಿ ಕುಲಾವಿಯಂತೆ ಬಾಗಿದೆ, ಅದರ ಬೆನ್ನಿಗೆ ಬಿಳಿ ಉಣ್ಣೆಯಂಥ ರೋಮ. ಕೆಳತುಟಿ ಅಗಲವಾಗಿ ಮುಂದೆ ಚಾಚಿದೆ, ನಡುವಿನ ಹಾಲೆ ದೊಡ್ಡದು. ಇದೇ ಶಿವನ ಪಾದ ಎಂದು ನಮ್ಮ ಜನ ಕಂಡುಕೊಂಡಿದ್ದಾರೆ. ಜೇನು ಬಂದು ಆ ಪಾದದ ಮೇಲೆ ಕಾಲಿಡುತ್ತದೆ, ತಲೆಯನ್ನು ಕೊಳವೆಯೊಳಗೆ ತೂರಿಸುತ್ತದೆ. ಕುಲಾವಿಯ ಅಡಿಯಲ್ಲಿ ಅಡಗಿ ಕೂತ ನಾಲ್ಕು ಕೇಸರಗಳು ಅದರ ಬೆನ್ನಿಗೆ ಪರಾಗ ಸವರುತ್ತವೆ. ಈ ಏರ್ಪಾಡು ತುಂಬೆಯ ಎಲ್ಲ ಪ್ರಭೇದಗಳಲ್ಲೂ ಒಂದೇ. ಆದ್ದರಿಂದ ಹೂ ನೋಡಿ 'ಇದು ತುಂಬೆ' ಅನ್ನಬಹುದು, 'ಯಾವ ತುಂಬೆ' ಅನ್ನಲಾಗದು.

ಯಾವ ತುಂಬೆ ಎನ್ನುವುದನ್ನು ಹೇಳುವುದು ಬಿಳಿ ಹೂ ಎಳೆದ ಮೇಲೆ ಗಿಡದಲ್ಲೇ ಉಳಿಯುವ ಹಸಿರು ಕೊಳವೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಪುಷ್ಪಪಾತ್ರೆ ಅನ್ನುತ್ತಾರೆ. ಚಿಕ್ಕಂದಿನಲ್ಲಿ ಹೂ ಎಳೆದು ಬುಡ ಚೀಪಿ ಜೇನು ಸವಿದವರೆಲ್ಲ ಆ ಕೊಳವೆಯನ್ನು ಹಿಂದೆ ಬಿಟ್ಟು ಬಂದಿದ್ದೇವೆ. ಅದರ ಬಾಯನ್ನು ನೋಡಬೇಕು.

ಬದುವಿನ ತುಂಬೆ, ಅಂದರೆ ಲ್ಯೂಕಾಸ್ ಆಸ್ಪೆರ, ತುಸು ಬಾಗಿದ ಕೊಳವೆಯದು. ಕೆಳಗಿನ ಅರ್ಧ ನುಣುಪು. ಮೇಲಿನ ಅರ್ಧಕ್ಕೆ ಏಣುಗೆರೆಗಳು, ಬಿರುಸು ರೋಮ. ಬಾಯಿ ಓರೆ. ಅಂಚಿನ ಚಿಕ್ಕ ಚಿಕ್ಕ ಹಲ್ಲುಗಳಲ್ಲಿ ಮೇಲಿನದೊಂದು ಉಳಿದವಕ್ಕಿಂತ ದೊಡ್ಡದು. ಹೂಗೊಂಚಲಿನ ಕೆಳಗಿನ ಕಿರುಎಲೆಗಳು ದಾರದಷ್ಟು ಸಪೂರ. ಆಸ್ಪೆರ ಅಂದರೆ ಒರಟು. ಎಲೆ ಸವರಿದರೆ ಯಾಕೆಂದು ತಿಳಿಯುತ್ತದೆ.

ಮಡ್ಡಿಯ ತುಂಬೆ ಸೆಫಲೋಟಿಸ್. ಅದರ ಉಂಡೆಯನ್ನು ಬಿಡಿಸಿದರೆ ಹೂಗಳ ನಡುವಿನ ಕಿರುಎಲೆಗಳು ಅಗಲವಾಗಿ, ತೆಳ್ಳಗೆ, ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿದಂತಿರುತ್ತವೆ. ದಾರದಂಥ ಎಲೆಯೋ, ಹೆಂಚಿನಂಥ ಎಲೆಯೋ? ಈ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು, ನಾನು ಅವತ್ತು ಮಾಡಿದ ತಪ್ಪು ಆಗುವುದಿಲ್ಲ.

ಇವೆರಡೇ ಅಲ್ಲ. ಲ್ಯೂಕಾಸ್ ಬೈಫ್ಲೋರ ನೆಲಕ್ಕೊರಗಿ ಹರಡುವ ಮೆತ್ತಗಿನ ಗಿಡ. ಎಲೆಯ ಕಂಕುಳಿಗೆ ಹೂ ಜೋಡಿ ಜೋಡಿಯಾಗಿ ಬರುತ್ತವೆ, ಹೆಸರಿನ ಅರ್ಥವೂ ಜೋಡಿಹೂ ಎಂದೇ. ಒಣ ಬಯಲುಗಳಲ್ಲಿ ಲ್ಯೂಕಾಸ್ ಅರ್ಟಿಸಿಫೋಲಿಯ ಇದೆ. ಎಲೆ ಅಗಲ, ಅಂಚು ಗರಗಸದಂತೆ, ಮೈ ಮೆತ್ತನೆಯ ರೋಮ. ಅದರ ಪುಷ್ಪಪಾತ್ರೆಯ ಬಾಯಿ ಅಗಲವಾಗಿ, ತೆಳು ಹಾಳೆಯಂತೆ, ಒಂದು ಬದಿಗೆ ಸೀಳಿ ಬಿಟ್ಟಷ್ಟು ಓರೆ. ಪಶ್ಚಿಮ ಘಟ್ಟಕ್ಕೆ ಹೋದರೆ ಸ್ಟೆಲ್ಲಿಗೆರ ಎಂಬ ತುಂಬೆ. ಅದರ ಪುಷ್ಪಪಾತ್ರೆಯ ಹಲ್ಲುಗಳು ನಕ್ಷತ್ರದ ಹಾಗೆ ಹೊರಕ್ಕೆ ಚಾಚಿಕೊಂಡಿವೆ.

ಯಾಕೆ ಬಾಯಿಯನ್ನೇ ನಂಬಬೇಕು? ಗಿಡದ ಎತ್ತರ ಮಳೆಯ ಮಾತು ಕೇಳುತ್ತದೆ. ಒಳ್ಳೆಯ ಹಸಿಯಲ್ಲಿ ಮೊಣಕಾಲು ದಾಟುವ ತುಂಬೆ ಕಲ್ಲುಮಡ್ಡಿಯಲ್ಲಿ ಗೇಣುದ್ದಕ್ಕೇ ಹೂ ಬಿಟ್ಟು ಮುಗಿಸುತ್ತದೆ. ಎಲೆ ನೆರಳಿನಲ್ಲಿ ಅಗಲ, ಬಿಸಿಲಿನಲ್ಲಿ ಕಿರಿದು. ಹೂ ಮತ್ತು ಕಾಯಿಯ ಕಟ್ಟಡ ಹಾಗಲ್ಲ. ಜೇನು ಹೊಂದಬೇಕು, ಪರಾಗ ತಲುಪಬೇಕು, ಬೀಜ ಕೂಡಬೇಕು. ಅಲ್ಲಿ ಅಳತೆ ಹದ ತಪ್ಪಿದರೆ ಸಂತಾನವೇ ಇಲ್ಲ. ಅದಕ್ಕೇ ಆ ಭಾಗಗಳು ಗಿಡದಿಂದ ಗಿಡಕ್ಕೆ ಕಡಿಮೆ ಬದಲಾಗುತ್ತವೆ, ಶಾಸ್ತ್ರಕಾರರು ಅವನ್ನೇ ಸಾಕ್ಷಿಯಾಗಿ ಹಿಡಿಯುತ್ತಾರೆ. ಹಾಗಿದ್ದರೂ ಒಂದು ಗಿಡ ನೋಡಿ ತೀರ್ಪು ಕೊಡಬಾರದು. ಒಂದೇ ಬದುವಿನ ಹತ್ತು ಗಿಡ ನೋಡಬೇಕು. ಹತ್ತರಲ್ಲೂ ಇರುವ ಗುಣ ಪ್ರಭೇದದ್ದು, ಒಂದರಲ್ಲಿ ಮಾತ್ರ ಕಂಡದ್ದು ಆ ಗಿಡದ್ದು.

ಹೆಸರಿನ ತೊಡಕು ಬೇರೆ ಇದೆ. ಆಯುರ್ವೇದದಲ್ಲಿ ದ್ರೋಣಪುಷ್ಪಿ ಎಂಬ ಗಿಡ. ದ್ರೋಣ ಅಂದರೆ ದೊನ್ನೆ. ಈ ಹೆಸರನ್ನು ಸಾಮಾನ್ಯವಾಗಿ ಉಂಡೆತಲೆಯ ಸೆಫಲೋಟಿಸ್‌ಗೆ ಹೊಂದಿಸುತ್ತಾರೆ. ಆದರೆ ಅದೇ ಹೆಸರಿನಲ್ಲಿ ಬದುವಿನ ಆಸ್ಪೆರವೂ ಬಳಕೆಯಲ್ಲಿದೆ. ಗಡಿಯ ಈ ಊರುಗಳಲ್ಲಿ ಕನ್ನಡದ ತುಂಬೆ ಮರಾಠಿಯ ಬಾಯಲ್ಲಿ ತುಂಬಾ ಆಗುತ್ತದೆ, ಕುಂಭಾ ಆಗುತ್ತದೆ. ಒಂದು ಗಿಡಕ್ಕೆ ಮೂರು ಹೆಸರು, ಒಂದು ಹೆಸರಿಗೆ ಮೂರು ಗಿಡ. ಇದು ಜನರ ಅಜ್ಞಾನ ಎಂದು ನಾನು ಒಪ್ಪುವುದಿಲ್ಲ. ಜನ ಗಿಡಕ್ಕೆ ಹೆಸರಿಡುವುದು ಅದರ ಉಪಯೋಗಕ್ಕಾಗಿ. ಪೂಜೆಗೆ, ನೆಗಡಿಗೆ ಎರಡೂ ಒದಗುವುದಾದರೆ ಎರಡು ಹೆಸರಿನ ಹೊರೆ ಯಾಕೆ? ಬೇಕಾದಾಗ ಆಯಿ ಎರಡನ್ನೂ ಬೇರ್ಪಡಿಸಿ ತೋರಿಸಲಿಲ್ಲವೇ?

ಎಕ್ಕಿಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಸಂಸ್ಕೃತದ ಅರ್ಕ ಕನ್ನಡದಲ್ಲಿ ಎಕ್ಕ ಆಯಿತು. ನಮ್ಮ ಕಡೆ ಎಕ್ಕಿ, ಮರಾಠಿಯಲ್ಲಿ ರುಯಿ. ಶನಿವಾರ ಮಾರುತಿಗೆ ಎಕ್ಕಿ ಎಲೆಯ ಮಾಲೆ, ರಥಸಪ್ತಮಿಯಂದು ಮೈಮೇಲೆ ಏಳು ಎಕ್ಕದೆಲೆ ಇಟ್ಟುಕೊಂಡು ಸ್ನಾನ. ಊರ ಹೊರಗಿನ ರಸ್ತೆಯ ಎರಡೂ ಬದಿ ಅದು ನಿಂತಿರುತ್ತದೆ. ಕುರಿ, ಆಡುಗಳು ಮಿಕ್ಕ ಹಸಿರೆಲ್ಲ ಮೇಯ್ದರೂ ಹಾಲು ಸುರಿಸುವ ಇದನ್ನು ಬಿಟ್ಟು ಮುಂದೆ ಹೋಗುತ್ತವೆ. ಅದರ ಎಲೆ ತಿಂದು ಬೆಳೆಯುವುದು ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ಹುಳ.

ಎಕ್ಕದಲ್ಲಿ ಎರಡು ಬಗೆ ಅಂದಕೂಡಲೇ ನಮ್ಮವರು ಹೇಳುವುದು ಬಿಳಿ ಎಕ್ಕಿ, ನೀಲಿ ಎಕ್ಕಿ. ಬಿಳಿಯದಕ್ಕೆ ಎಲ್ಲಿಲ್ಲದ ಬೆಲೆ. ಅದರ ಬೇರಿನಲ್ಲಿ ಗಣಪತಿ ಕೆತ್ತುತ್ತಾರೆ. ಸಸ್ಯಶಾಸ್ತ್ರದ ಪ್ರಕಾರ ಬಿಳಿ ಎಕ್ಕ ಬೇರೆ ಪ್ರಭೇದವಲ್ಲ. ಅದು ಕ್ಯಾಲೊಟ್ರೊಪಿಸ್ ಜೈಗ್ಯಾಂಟಿಯ, ನಸುನೇರಳೆ ಹೂವಿನ ದೊಡ್ಡ ಎಕ್ಕವೇ ಬಿಳಿ ಬಣ್ಣ ತಾಳಿದ ರೂಪ. ಅದೇ ಹೊತ್ತಿಗೆ, ಮೇಲ್ನೋಟಕ್ಕೆ ಒಂದೇ ಎನ್ನಿಸುವ ನೇರಳೆ ಎಕ್ಕಗಳ ನಡುವೆ ನಿಜವಾಗಿ ಬೇರೆಯಾದ ಪ್ರಭೇದವೊಂದು ನಿಂತಿರಬಹುದು: ಕ್ಯಾಲೊಟ್ರೊಪಿಸ್ ಪ್ರೊಸೆರ. ಮೊದಲನೆಯದಕ್ಕೆ ಲಿನೇಯಸ್ 1753ರಲ್ಲಿ ಹೆಸರಿಟ್ಟ, ಎರಡನೆಯದಕ್ಕೆ ಐಟನ್ 1789ರಲ್ಲಿ. ಎರಡನ್ನೂ ಒಳಗೊಂಡ ಕ್ಯಾಲೊಟ್ರೊಪಿಸ್ ಕುಲವನ್ನು ಕಟ್ಟಿದವನು ಮತ್ತೆ ರಾಬರ್ಟ್ ಬ್ರೌನನೇ, ಅದೇ 1810ರಲ್ಲಿ. ಶಿವನ ಹೂವೂ ಮಾರುತಿಯ ಎಲೆಯೂ ಒಂದೇ ವರ್ಷ ಒಬ್ಬನ ಮೇಜಿನ ಮೇಲೆ ವಿಂಗಡಣೆಯಾದವು.

ಮೊದಲು ಮೊಗ್ಗು ನೋಡಿ. ಜೈಗ್ಯಾಂಟಿಯದ ಮೊಗ್ಗು ಮೊಟ್ಟೆಯಾಕಾರ, ತುದಿ ತುಸು ಚೂಪು. ಪ್ರೊಸೆರದ ಮೊಗ್ಗು ಗೋಲಿಯಂತೆ ದುಂಡು. ಅರಳಿದ ಮೇಲೆ ಜೈಗ್ಯಾಂಟಿಯದ ಎಸಳು ಪೂರ್ತಿ ಬಿಚ್ಚಿಕೊಂಡು ಹೊರಕ್ಕೆ, ಹಿಂದಕ್ಕೆ ಬಾಗುತ್ತವೆ. ಪ್ರೊಸೆರದ ಎಸಳು ಬಟ್ಟಲಿನಂತೆ ನೆಟ್ಟಗೆ ನಿಲ್ಲುತ್ತವೆ, ತುದಿಗೆ ಮಾತ್ರ ಗಾಢ ನೇರಳೆ ಅದ್ದಿದ ಹಾಗೆ. ಹೂವಿನ ಗಾತ್ರವೂ ಪ್ರೊಸೆರದ್ದು ಚಿಕ್ಕದು.

ಇಷ್ಟಕ್ಕೇ ನಿಲ್ಲದೆ ನಡುವಿನ ಕಿರೀಟಕ್ಕೆ ಇಳಿಯಬೇಕು. ಎಕ್ಕದ ಹೂವಿನ ನಡುವೆ ಐದು ಮೂಲೆಯ ಒಂದು ಪೀಠ. ಕೇಸರಗಳೂ ಶಲಾಕಾಗ್ರವೂ ಬೆಸೆದು ಆದದ್ದು ಅದು. ಅದರ ಸುತ್ತ ಐದು ದಪ್ಪ ಕಮಾನುಗಳು, ಬುಡದಲ್ಲಿ ಸುರುಳಿ ಸುತ್ತಿಕೊಂಡು ಪೀಠಕ್ಕೆ ಆತುಕೊಂಡಿವೆ. ಜೈಗ್ಯಾಂಟಿಯದಲ್ಲಿ ಈ ಕಮಾನು ಪೀಠಕ್ಕಿಂತ ಗಿಡ್ಡ, ತುದಿಯ ಬಳಿ ಎರಡು ಕಿವಿಗಳಿವೆ. ಪ್ರೊಸೆರದಲ್ಲಿ ಕಮಾನು ಪೀಠದ ಮಟ್ಟಕ್ಕೆ ಏರುತ್ತದೆ, ಕೆಲವೊಮ್ಮೆ ಮೀರುತ್ತದೆ, ಕಿವಿಗಳಿಲ್ಲ. ಎಸಳು ಬಾಡಿ ಮುದುಡಿದ ಹೂವಿನಲ್ಲೂ ಈ ಗುರುತು ಸಿಗುತ್ತದೆ.

ಈ ಕಿರೀಟ ಕೆಲಸ ಮಾಡುವ ರೀತಿ ಕಂಡರೆ ಅದರ ಮೇಲೆ ಗೌರವ ಮೂಡುತ್ತದೆ. ಎಕ್ಕದ ಪರಾಗ ಪುಡಿಯಾಗಿ ಉದುರುವುದಿಲ್ಲ. ಮೇಣದಂಥ ಎರಡು ಪುಟ್ಟ ಗಂಟುಗಳಲ್ಲಿ ಕಟ್ಟಿಟ್ಟಿರುತ್ತದೆ, ಎರಡನ್ನೂ ಸೇರಿಸುವ ಕೊಂಡಿಯೊಂದು ಪೀಠದ ಮೂಲೆಯ ಸೀಳಿನ ಮೇಲೆ ಕೂತಿರುತ್ತದೆ. ದೊಡ್ಡ ಕಪ್ಪು ದುಂಬಿ ಮಕರಂದ ಹೀರುವಾಗ ಅದರ ಕಾಲು ಸೀಳಿಗೆ ಜಾರುತ್ತದೆ. ಎಳೆದುಕೊಂಡರೆ ಕೊಂಡಿ ಕಚ್ಚಿಕೊಂಡು ಜೋಡಿ ಗಂಟು ಹೊರಬರುತ್ತದೆ, ಮುಂದಿನ ಹೂವಿನ ಸೀಳಿನಲ್ಲಿ ನಾಟುತ್ತದೆ. ಬೇಲಿಯ ಎಕ್ಕದ ಮುಂದೆ ಕಾಲು ಗಂಟೆ ಕೂತು ನೋಡಿ. ದುಂಬಿಯ ಕಾಲಿಗೆ ಹಳದಿ ಗಂಟು ಜೋತಾಡುವುದು ಬರಿಗಣ್ಣಿಗೇ ಕಂಡೀತು. ಮುಟ್ಟಿದ ಮೇಲೆ ಕೈ ತೊಳೆಯದೆ ಕಣ್ಣುಜ್ಜಬೇಡಿ. ಎಕ್ಕದ ಹಾಲು ಕಣ್ಣಿಗೆ ನಿಜವಾದ ಅಪಾಯ.

ಪ್ರೊಸೆರದ ವಿಸ್ತಾರ ವಾಯವ್ಯ ಭಾರತದ ಒಣನಾಡಿನಿಂದ ಪಶ್ಚಿಮ ಏಷ್ಯಾ, ಆಫ್ರಿಕಾದವರೆಗೆ. ಜೈಗ್ಯಾಂಟಿಯದ್ದು ದಕ್ಷಿಣ ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾದವರೆಗೆ. ಎರಡರ ಸೀಮೆಯೂ ಒಂದರ ಮೇಲೊಂದು ಹಾಯುವುದು ದಖ್ಖನ್ನಿನ ಈ ಒಣ ಪಟ್ಟಿಯಲ್ಲಿ. ಆದ್ದರಿಂದಲೇ ಇಲ್ಲಿ ಎಕ್ಕ ಕಂಡಾಗ ಒಂದು ಕ್ಷಣ ನಿಂತು ಮೊಗ್ಗು ನೋಡುವುದು ಒಳ್ಳೆಯದು. ಎಕ್ಕದಲ್ಲಿ ಎರಡುಂಟು ಎನ್ನುವುದು ನಮ್ಮ ಹಳಬರಿಗೂ ತಿಳಿದಿತ್ತು. ಸುಶ್ರುತ ಸಂಹಿತೆಯ ಅರ್ಕಾದಿ ಗಣದಲ್ಲಿ ಅರ್ಕ, ಅಲರ್ಕ ಎರಡೂ ಬರುತ್ತವೆ. ಮುಂದೆ ಆ ಭೇದವನ್ನು ಬಣ್ಣದ ಮೇಲೆ ಎಳೆದ ಗೆರೆಯಾಗಿ ಓದುವವರು ಹೆಚ್ಚಾದರು.

ತಪ್ಪು ದೊಡ್ಡವರಿಗೂ ಆಗುತ್ತದೆ. ಮಡ್ಡಿಯ ಮೇಲೆ ನೆಲಕ್ಕಂಟಿ ಹರಡುವ ವಿಷ್ಣುಕ್ರಾಂತಿ ನೋಡಿದ್ದೀರಿ. ರೇಷ್ಮೆಯಂಥ ರೋಮದ ಎಲೆ, ಮುಂಜಾನೆ ಅರಳಿ ನೆತ್ತಿಬಿಸಿಲಿಗೆ ಮುಚ್ಚಿಕೊಳ್ಳುವ ಪುಟ್ಟ ನೀಲಿ ಹೂ. ಲಿನೇಯಸ್ 1753ರಲ್ಲಿ ಇದನ್ನು ಕನ್ವಾಲ್ವುಲಸ್ ಕುಲಕ್ಕೆ ಸೇರಿಸಿದ. 1762ರಲ್ಲಿ ತಾನೇ ತಿದ್ದಿಕೊಂಡು ಇವಾಲ್ವುಲಸ್ ಎಂಬ ಹೊಸ ಕುಲಕ್ಕೆ ಸಾಗಿಸಿದ. ಕನ್ವಾಲ್ವುಲಸ್ ಅಂದರೆ ಸುತ್ತಿಕೊಳ್ಳುವುದು, ಇವಾಲ್ವುಲಸ್ ಅಂದರೆ ಸುತ್ತು ಬಿಚ್ಚಿದ್ದು; ವಿಷ್ಣುಕ್ರಾಂತಿ ಯಾವುದಕ್ಕೂ ಸುತ್ತಿಕೊಳ್ಳುವುದಿಲ್ಲ. ಖಚಿತ ಗುರುತು ಹೂವಿನ ನಡುವೆ ಇದೆ. ಕನ್ವಾಲ್ವುಲಸ್‌ಗೆ ಒಂದೇ ಶಲಾಕೆ, ತುದಿಯಲ್ಲಿ ಎರಡು ಕವಲು. ವಿಷ್ಣುಕ್ರಾಂತಿಗೆ ಬುಡದಿಂದಲೇ ಎರಡು ಶಲಾಕೆ, ಪ್ರತಿಯೊಂದೂ ಮತ್ತೆ ಸೀಳಿ ಒಟ್ಟು ನಾಲ್ಕು ನೂಲು. ಭೂತಗನ್ನಡಿ ಹಿಡಿದು ನೂಲು ಎಣಿಸಿದರೆ ಮುಗಿಯಿತು. ಈ ಎಣಿಕೆಗೆ ಬೆಲೆಯೂ ಉಂಟು. ಶಂಖಪುಷ್ಪಿ ಎಂಬ ಮದ್ದಿನ ಹೆಸರಿನಲ್ಲಿ ಒಂದೆಡೆ ಕನ್ವಾಲ್ವುಲಸ್ ಪ್ರೊಸ್ಟ್ರೇಟಸ್, ಇನ್ನೊಂದೆಡೆ ವಿಷ್ಣುಕ್ರಾಂತಿ, ಮತ್ತೊಂದೆಡೆ ಅವರೆಯ ಕುಟುಂಬದ ಶಂಖಪುಷ್ಪದ ಬಳ್ಳಿ ಮಾರಾಟವಾಗುತ್ತವೆ. ಒಣಗಿ ಪುಡಿಯಾದ ಮೇಲೆ ಎಣಿಸಲು ಏನೂ ಉಳಿಯುವುದಿಲ್ಲ.

ನೆಗ್ಗಿಲಿನಲ್ಲಿ ಮೋಸಮಾಡುವುದು ಹೆಸರೇ. ನೆಗ್ಗಿಲು, ಆನೆ ನೆಗ್ಗಿಲು ಎಂದು ಅಣ್ಣತಮ್ಮಂದಿರಂತೆ ಕರೆಯುತ್ತೇವೆ. ಎರಡಕ್ಕೂ ಹಳದಿ ಹೂ, ಎರಡರ ಕಾಯಿಗೂ ಮುಳ್ಳು. ಆದರೆ ಆನೆ ನೆಗ್ಗಿಲು ಎಳ್ಳಿನ ಕುಟುಂಬದ್ದು. ಅದರ ಹಸಿ ಟೊಂಗೆಯನ್ನು ನೀರಿನಲ್ಲಿ ಆಡಿಸಿದರೆ ನೀರು ಲೋಳೆಯಾಗುತ್ತದೆ. ಸಣ್ಣ ನೆಗ್ಗಿಲಿಗೆ ಆ ಗುಣವಿಲ್ಲ. ಅದರ ಎಲೆ ಹುಣಸೆ ಎಲೆಯಂತೆ ಎರಡು ಸಾಲು ಕಿರುಎಲೆಗಳದ್ದು, ಎಸಳು ಐದೂ ಬಿಡಿಬಿಡಿ. ಹೆಸರು ಒಂದೇ ಆದಮಾತ್ರಕ್ಕೆ ನಂಟಸ್ತನ ಬರುವುದಿಲ್ಲ.

ಈ ಕಲಿಕೆಗೆ ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ, ಒಂದು ಪಿನ್ನು, ಹಳೆಯ ಪತ್ರಿಕೆ. ಮೊಬೈಲಿನಲ್ಲಿ ಚಿತ್ರ ತೆಗೆಯುವವರು ಹೂವನ್ನು ಎದುರಿನಿಂದ ತೆಗೆದು ತೃಪ್ತಿಪಡುತ್ತಾರೆ. ಬದಿಯಿಂದ ಒಂದು, ಹೂ ಎಳೆದ ಮೇಲೆ ಉಳಿದ ಪುಷ್ಪಪಾತ್ರೆಯದೊಂದು, ಎಲೆಯ ಬೆನ್ನಿನದೊಂದು, ಕಾಯಿಯದೊಂದು ತೆಗೆಯದಿದ್ದರೆ ತಿಳಿದವರಿಗೂ ಹೇಳಲು ಬರುವುದಿಲ್ಲ. ಗಿಡವನ್ನು ಪತ್ರಿಕೆಯ ನಡುವೆ ಒತ್ತಿ ಒಣಗಿಸುವುದಾದರೆ ದಿನಾಂಕ, ಊರು, ಮಣ್ಣು, ಗಿಡದ ಎತ್ತರ, ಹೂವಿನ ಬಣ್ಣ ಆಗಲೇ ಬರೆದಿಡಬೇಕು. ಒಣಗಿದ ಮೇಲೆ ಬಣ್ಣ ಹೋಗುತ್ತದೆ, ನೆನಪೂ ಹೋಗುತ್ತದೆ.

ಪುಸ್ತಕಗಳಿವೆ. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲನಾಗಿದ್ದ ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಪ್ರಕಟಿಸಿದ ಮುಂಬಯಿ ಪ್ರಾಂತ್ಯದ ಸಸ್ಯಸಂಪುಟಗಳಿಗೆ ಇಂದಿನ ರಾಜ್ಯಗಳ ಗಡಿ ಗೊತ್ತಿಲ್ಲ. ಸಿಂಧ್‌ನಿಂದ ಕಾರವಾರದವರೆಗಿನ ಗಿಡಗಳು ಅದರಲ್ಲಿವೆ. ಕೊಲ್ಹಾಪುರ ಜಿಲ್ಲೆಯ ಸಸ್ಯಗಳ ಬಗ್ಗೆ ಯಾದವ್ ಮತ್ತು ಸರ್ದೇಸಾಯಿ ಅವರ ಗ್ರಂಥ 2002ರಲ್ಲಿ ಬಂತು. ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಗಿಡ ನೋಡುವ ಖುಷಿಯನ್ನು ಒಂದಿಡೀ ತಲೆಮಾರಿಗೆ ಹತ್ತಿಸಿತು. ಗುರುತಿನ ಕೀಲಿಗಳು ಮಾತ್ರ ಇಂಗ್ಲಿಷಿನಲ್ಲೇ ಉಳಿದಿವೆ. ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಅಚ್ಚು ಮಾಡುತ್ತದೆ, ಜತ್ತದ ಮಕ್ಕಳು ಅದನ್ನೋದಿ ಬೆಳೆಯುತ್ತಾರೆ. ಅವರು ಬದುವಿನ ಮೇಲೆ ಕೂತು ಬಳಸುವಂಥ ಕೀಲಿ ಅವರ ಮಾತಿನಲ್ಲೇ ಬೇಕು. ಕೀಲಿ ಅಂದರೆ ಕವಲುದಾರಿ. ಪ್ರತಿ ಕವಲಿನಲ್ಲೂ ಒಂದು ಪ್ರಶ್ನೆ. ತುಂಬೆಗಾದರೆ ಹೀಗೆ ಹೋದೀತು: ಹೂ ಎಲೆಯ ಕಂಕುಳಲ್ಲಿ ಜೋಡಿ ಅದಾವೇನು? ಇದ್ದರೆ ಅದು ಬೈಫ್ಲೋರ. ಗುಂಪಾಗಿ ಇದ್ದರೆ, ನಡುವಿನ ಕಿರುಎಲೆ ಹೆಂಚಿನಂಗ ಅಗಲ ಅದಾವೇನು? ಇದ್ದರೆ ಸೆಫಲೋಟಿಸ್. ಸಪೂರ ಇದ್ದರೆ ಕೊಳವೆಯ ಬಾಯಿ ನೋಡು. ಹಾಳೆಯಂಗ ತೆಳ್ಳಗ, ಸೀಳಿದಂಗ ಐತೋ, ಅರ್ಟಿಸಿಫೋಲಿಯ. ಬಾಯಿ ಸಣ್ಣದು, ಓರೆ, ಮೇಲಿನ ಹಲ್ಲು ದೊಡ್ಡದು, ಕೆಳಗಿನ ಅರ್ಧ ನುಣುಪು ಐತೋ, ಆಸ್ಪೆರ.

ಕೀಲಿ ಬರೆದಿಟ್ಟರೂ ಗಿಡ ಉಳಿಯಬೇಕಲ್ಲ. ದ್ರಾಕ್ಷಿ, ದಾಳಿಂಬೆಯ ತೋಟಗಳು ಈ ತಾಲ್ಲೂಕಿಗೆ ಅನ್ನ ಕೊಟ್ಟಿವೆ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಸಾಲಿನ ನಡುವೆ ಹೊಡೆಯುವ ಕಳೆನಾಶಕವನ್ನು ಬದುವಿನ ಮೇಲೂ ಹೊಡೆಯುವುದು ನೋಡಿದಾಗ ಹೊಟ್ಟೆ ಉರಿಯುತ್ತದೆ. ಬದುವಿನ ತುಂಬೆ ಯಾವ ಬೆಳೆಯ ಪಾಲನ್ನೂ ಕಸಿಯುವುದಿಲ್ಲ. ದಾಳಿಂಬೆ ಹೂವಿಗೆ ಬರಬೇಕಾದ ಜೇನು ಮಿಕ್ಕ ದಿನ ಹೊಟ್ಟೆ ಹೊರೆಯುವುದು ಇಂಥ ಹೂಗಳ ಮೇಲೆ. ಒಂದು ಬದು ಬಿಡಿ. ಅಷ್ಟೇ ಕೇಳುತ್ತೇನೆ.

ಕಳೆದ ಸಲ ಹೋದಾಗ ಚಟ್ಟಿ ಅಮಾವಾಸ್ಯೆ ಹತ್ತಿರವಿತ್ತು. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಜನ ಗುಂಪು ಗುಂಪಾಗಿ ನಡೆದು ಹೊರಟಿದ್ದರು. ಹೂವಿನ ಕಾಲ ಮುಗಿದು ತುಂಬೆಯೆಲ್ಲ ಕಂದಾಗಿ ಒಣಗಿ ನಿಂತಿತ್ತು. ಮನೆಯ ಹುಡುಗಿ, ಆರನೆಯ ಇಯತ್ತೆ ಓದುವವಳು, ನನ್ನ ಜೊತೆ ಬದುವಿಗೆ ಬಂದಳು. ಒಂದು ಒಣ ಗೊಂಚಲನ್ನು ಅಂಗೈಯಲ್ಲಿಟ್ಟು ಉಜ್ಜಿದೆ. ಪ್ರತಿ ಕೊಳವೆಯಿಂದ ನಾಲ್ಕು ನಾಲ್ಕು ಕಂದು ಬೀಜ ಉದುರಿದವು. ಕೊಳವೆಯ ಬಾಯಿ ಮಾತ್ರ ಹಸಿಯಿದ್ದಾಗಿನ ಆಕಾರದಲ್ಲೇ ಇತ್ತು. ಅವಳು ಮಸೂರ ಕಣ್ಣಿಗೆ ಒತ್ತಿ ಬಹಳ ಹೊತ್ತು ನೋಡಿದಳು. ಆಮೇಲೆ ವಹಿಯ ನಡುವೆ ಒಂದು ಟೊಂಗೆ ಇಟ್ಟು ಬರೆದಳು: ತಿಕೋಂಡಿ, ಹೊಲದ ಬದು, ಎರಿ ಮಣ್ಣು, ಮೊಣಕಾಲೆತ್ತರ. ಹೆಸರಿನ ಜಾಗ ಖಾಲಿ ಬಿಟ್ಟಿದ್ದಳು.

"ಹೆಸರು?" ಅಂದೆ.

"ತಡೀರಿ ಕಾಕಾ, ಇನ್ನ ಒಂಬತ್ತ ಗಿಡ ನೋಡೂದ ಐತಿ."